ರೆಕಾರ್ಡ್ ರೂಮಿನಲ್ಲಿ ಗೆದ್ದಲು ಇಲ್ಲ

ನಾನು ಗುಡಿಸುವ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಗೆ ಬಸ್ಸು ಸಿಗುವ ಜಾಗದಲ್ಲಿದೆ ಎಂದರೆ ಸಾಕು. ಆಸ್ಪತ್ರೆ ಸರಕಾರದ್ದು. ನಾನು ಸರಕಾರದವಳಲ್ಲ, ಕಂಟ್ರಾಕ್ಟಿನವಳು. ಒಂಬತ್ತು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಹಾಜರಿ ಪುಸ್ತಕದಲ್ಲಿ ಸೀತು ಎಂದು ಸಹಿ ಹಾಕಿ ಹಿಡಿಸೂಡಿ ಹಿಡಿಯುತ್ತೇನೆ.

ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಕನ್ನಡ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಆಸ್ಪತ್ರೆಯಲ್ಲಿ ಮುಖ್ಯವಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಉಗುಳಬಾರದು ಎಂಬುದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಾರೆ.

ಮಹಡಿಯ ಕೊನೆಯಲ್ಲಿ ರೆಕಾರ್ಡ್ ರೂಮು ಇದೆ. ಹತ್ತು ಕಪಾಟು, ಒಂದೊಂದು ಊರಿಗೆ ಒಂದೊಂದು ಸಾಲು. ಯಾರು ಬಂದರು, ಏನಾಗಿತ್ತು, ಯಾರು ನಡೆದು ಹೋದರು, ಯಾರನ್ನು ಹೊತ್ತುಕೊಂಡು ಹೋದರು, ಎಲ್ಲ ಅಲ್ಲಿದೆ. ದಿನ ಬಿಟ್ಟು ದಿನ ಧೂಳು ಹೊಡೆಯುವುದು ನಾನು. ತಿಂಗಳಿಗೊಮ್ಮೆ ಮೂಲೆಗಳಿಗೆ ಗೆದ್ದಲಿನ ಮದ್ದು ಹೊಡೆಯುವುದೂ ನಾನೇ. ಎಲ್ಲ ಕಾಗದವನ್ನೂ ಮುಟ್ಟಬಹುದು, ಒಂದನ್ನೂ ನೋಡಬಾರದು. ಅದು ನನ್ನ ಕೆಲಸ.

ಮೂರನೇ ಕಪಾಟಿನ ಕೆಳಗಿನ ಸಾಲಿನಲ್ಲಿ ನನ್ನ ಗಂಡ ಐತಪ್ಪನವರ ಕಡತ ಇದೆ. ಅವರು ಸತ್ತು ಎಂಟು ತಿಂಗಳಾಯಿತು. ಅಡ್ಮಿಟ್ ಚೀಟಿಯ ನಂಬರು ನನ್ನ ಹತ್ತಿರ ಇದೆ. ಅದೇ ನಂಬರು ಕಡತದ ಬೆನ್ನಿನ ಮೇಲೆ ಇದೆ. ತೆಗೆದು ನೋಡಲು ಹತ್ತು ಸಲ ಕೈ ಹೋಗಿತ್ತು. ಸಿಕ್ಕಿಬಿದ್ದರೆ ಕಳ್ಳಿ ಎನ್ನುತ್ತಾರೆ. ಐತಪ್ಪ ಕುಡುಕ ಎಂದು ಆಗಲೇ ಊರಿಗೆಲ್ಲ ಗೊತ್ತು. ಸೀತು ಕಳ್ಳಿ ಎಂದೂ ಆದರೆ ಮಗಳಿಗೆ ಏನು ಉಳಿಯುತ್ತದೆ? ಹಾಗಾಗಿ ಧೂಳು ಮಾತ್ರ ಹೊಡೆದೆ.

ಅವರು ಕುಡುಕರಾಗಿರಲಿಲ್ಲ. ಅದರಲ್ಲಿ ದೊಡ್ಡತನವೇನೂ ಇಲ್ಲ. ಅವರ ಕೆಲಸ ಮರ ಹತ್ತುವುದು. ಕುಡಿದು ಮರ ಹತ್ತುವವನು ಒಂದೇ ಸಲ ಹತ್ತುತ್ತಾನೆ. ಅವರು ಇಪ್ಪತ್ತು ವರ್ಷ ಹತ್ತಿದರು. ಬೀಡಿ ಸೇದುತ್ತಿದ್ದರು, ಸಿಟ್ಟು ಬಂದರೆ ಎರಡು ದಿನ ಮಾತು ಬಿಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಮಳೆಗಾಲಕ್ಕೆ ಮೊದಲು ಕರೆಂಟಿನ ಲೈನಿಗೆ ತಾಗುವ ಮರದ ಗೆಲ್ಲುಗಳನ್ನು ಕಡಿಯಬೇಕು. ಅದನ್ನು ವಹಿಸಿಕೊಂಡ ಕಂಟ್ರಾಕ್ಟುದಾರ ಎಂಟು ಜನರನ್ನು ಪಿಕಪ್ಪಿನಲ್ಲಿ ತುಂಬಿಸಿಕೊಂಡು ಬೆಳ್ಳಾರೆ, ಆಲಂಕಾರು ಎಂದು ತಿರುಗುತ್ತಿದ್ದ. ನಾವು ಮುಗೇರರು, ದಲಿತ ಕಾಲೊನಿಯವರು. ಮೇಲೆ ಹತ್ತಲು ನಮ್ಮವರು, ಕೆಳಗೆ ನಿಂತು ಕೈ ತೋರಿಸಲು ಅವನ ಜಾತಿಯವರು. ಸೊಂಟಕ್ಕೆ ಕಟ್ಟುವ ಬೆಲ್ಟು ಪಿಕಪ್ಪಿನಲ್ಲೇ ಇರುತ್ತಿತ್ತು. ಕೇಳಿದರೆ ತೋರಿಸಲು.

ಮೇ ತಿಂಗಳ ಒಂದು ಮಂಗಳವಾರ ಆಲಂಕಾರಿನ ಹತ್ತಿರ ಹಲಸಿನ ಮರದಿಂದ ಅವರು ಬಿದ್ದರು. ಎದ್ದು ಕೂತರಂತೆ. ನೀರು ಕೇಳಿದರಂತೆ. ಮಾತಾಡುತ್ತಾನಲ್ಲ, ಏನೂ ಆಗಿಲ್ಲ ಎಂದು ಕಂಟ್ರಾಕ್ಟುದಾರ ಮನೆಯ ಜಗಲಿಯಲ್ಲಿ ಇಳಿಸಿ ಹೋದ. ಲೈನು ಇನ್ನೂ ಅರ್ಧ ಬಾಕಿ ಇತ್ತು. ಅವತ್ತು ನನಗೆ ವಾರದ ರಜೆ. ಮಗಳು ಭವಿತಾ ಬೆಳ್ಳಾರೆಯಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದಳು. ನಾನು ಗಂಜಿ ಕೊಟ್ಟೆ. ಎರಡು ಗುಟುಕು ಕುಡಿದು ತಲೆ ಭಾರ ಎಂದರು. ಆಮೇಲೆ ಕಾಲು ಮುಟ್ಟಿದೆ. ತಣ್ಣಗಾಗಿತ್ತು.

ನಮ್ಮ ಕಾಲೊನಿಯಲ್ಲಿ ಕೈಕಾಲು ತಣ್ಣಗಾದರೆ ಬ್ರಾಂಡಿ ತಿಕ್ಕುತ್ತಾರೆ. ನನ್ನ ಅಮ್ಮ ನನ್ನ ಅಪ್ಪನಿಗೆ ತಿಕ್ಕಿದ್ದಳು. ಮನೆಯಲ್ಲಿ ಒಂದು ಕ್ವಾರ್ಟರು ಬಾಟ್ಲಿ ಇತ್ತು. ಭವಿತಾ ಫಸ್ಟ್ ಪಿಯುಸಿ ಪಾಸಾದರೆ ದೈವ ಕೊರಗಜ್ಜನಿಗೆ ಇಡುತ್ತೇನೆ ಎಂದು ಹರಕೆ ಹೇಳಿ ತಂದದ್ದು. ಅಜ್ಜನಿಗೆ ಬಾಟ್ಲಿ ಇಡದ ಜಾತಿ ಈ ಸೀಮೆಯಲ್ಲಿಲ್ಲ. ಕಾರಿನಲ್ಲಿ ಬಂದು ಇಡುತ್ತಾರೆ. ಅವರ ಮೈಯನ್ನು ಯಾರೂ ಮೂಸುವುದಿಲ್ಲ. ನಾನು ಮುಚ್ಚಳ ತೆಗೆದು ಅಂಗಾಲಿಗೆ, ಅಂಗೈಗೆ, ಎದೆಗೆ ತಿಕ್ಕಿದೆ. ಅಜ್ಜ ಕ್ಷಮಿಸುತ್ತಾನೆ ಎಂದುಕೊಂಡೆ. ಆಮೇಲೆ ಪಕ್ಕದ ಮನೆಯವರು ರಿಕ್ಷಾ ತಂದರು. ಮುಕ್ಕಾಲು ಗಂಟೆಯ ದಾರಿ. ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆ ಮುಟ್ಟಿದೆವು.

ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರು ಎರಡು ಮಾರು ದೂರದಲ್ಲೇ ನಿಂತರು. ಮೂಗು ಎಳೆದರು. ಎಷ್ಟು ಕುಡಿದಿದ್ದಾನೆ ಎಂದು ಕೇಳಿದರು. ಕುಡಿಯುವುದಿಲ್ಲ ಎಂದೆ. ಅವರು ನಕ್ಕರು. ಆ ಕೋಣೆಯಲ್ಲಿ ಎಲ್ಲ ಹೆಂಗಸರೂ ಹಾಗೇ ಹೇಳುತ್ತಾರೆ. ಒಂಬತ್ತು ವರ್ಷದಲ್ಲಿ ನಾನೇ ಎಷ್ಟೋ ಸಲ ಮೂಲೆಯಲ್ಲಿ ಮಾಪು ಹಿಡಿದುಕೊಂಡು ನಕ್ಕಿದ್ದೇನೆ.

ಬ್ರಾಂಡಿ ತಿಕ್ಕಿದೆ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಕಾಲೊನಿಯ ಮದ್ದು ಮಾಡಿದೆ ಎಂದು ಹೇಳಲು ನಾಚಿಕೆಯಾಯಿತು. ಸುಟ್ಟ ಗಾಯಕ್ಕೆ ಎಲೆ ಅರೆದು ಹಚ್ಚಿ ತಂದ ಒಬ್ಬಳಿಗೆ ಸಿಸ್ಟರು ಎಲ್ಲರೆದುರು ಬೈದದ್ದನ್ನು ನೋಡಿದ್ದೆ. ಆ ಒಂದು ನಾಚಿಕೆಗೆ ನಾನು ಕೊಟ್ಟ ಬೆಲೆ ಎಷ್ಟು ಎಂದು ಈಗ ಗೊತ್ತಿದೆ.

ಎರಡು ಬೆಡ್ಡು ಖಾಲಿ ಇದ್ದವು. ಚಾದರ ಹೊಸತಾಗಿ ಹಾಸಿತ್ತು. ಇವನು ವಾಂತಿ ಮಾಡುತ್ತಾನೆ, ಅಮಲು ಇಳಿಯುವವರೆಗೆ ನೆಲದಲ್ಲೇ ಇರಲಿ ಎಂದು ಸಿಸ್ಟರು ಹೇಳಿದರು. ಗೋಡೆಯ ಬದಿ ಮಲಗಿಸಿದೆವು. ಎರಡೂವರೆಗೆ ಅವರು ನಿಜವಾಗಿ ವಾಂತಿ ಮಾಡಿದರು. ಗುಡಿಸುವ ಹುಡುಗಿ ಹೆರಿಗೆ ವಾರ್ಡಿನಲ್ಲಿದ್ದಳು. ಸಿಸ್ಟರು ನನ್ನನ್ನು ನೋಡಿದರು.

"ಸೀತು, ನೀನು ಹೇಗೂ ಇದ್ದಿಯಲ್ಲ. ಒಂದು ಸಲ ಒರೆಸಿ ಬಿಡು."

ನಾನು ಮಾಪು ತಂದೆ. ಬಕೆಟಿಗೆ ಫಿನಾಯಿಲ್ ಹಾಕಿದೆ. ಗಂಡನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ನೆಲ ಒರೆಸಿದೆ. ಅನ್ನದ ಅಗುಳು, ಗಂಜಿ ನೀರು. ಸಾರಾಯಿಯ ವಾಂತಿ ಹೇಗಿರುತ್ತದೆ, ಹೊಟ್ಟೆಹುಣ್ಣಿನದ್ದು ಹೇಗಿರುತ್ತದೆ, ಬಸುರಿಯದ್ದು ಹೇಗಿರುತ್ತದೆ ಎಂದು ನನಗೆ ಗೊತ್ತು. ಆ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಆ ಕಟ್ಟಡದಲ್ಲಿ ಇಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ನಾಲ್ಕು ಗಂಟೆಗೆ ಇನ್ನೊಮ್ಮೆ ಒರೆಸಿದೆ. ಐದಕ್ಕೆ ಅವರು ಗೊರಕೆ ಹೊಡೆಯತೊಡಗಿದರು. ನಿದ್ದೆ ಒಳ್ಳೆಯದು ಎಂದರು. ಐದೂ ಮುಕ್ಕಾಲಿಗೆ ಚಿಕ್ಕ ಡಾಕ್ಟರು ಬಂದು ಕಣ್ಣಿಗೆ ಟಾರ್ಚು ಬಿಟ್ಟರು. ಆಗ ಎಲ್ಲರೂ ಓಡಿದರು. ಆಗ ಬೆಡ್ಡೂ ಸಿಕ್ಕಿತು. ಆರೂ ಹತ್ತಕ್ಕೆ ಜೀವ ಹೋಯಿತು.

ಮರುದಿನ ಹೆಣ ಕೊಯ್ದು ಕೊಟ್ಟರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ.

ಹೆಣ ಮನೆಗೆ ಬರುವ ಮೊದಲು ಸುದ್ದಿ ಬಂದಿತ್ತು. ಮೊಬೈಲಿನಲ್ಲಿ ಬರುವ ಸುದ್ದಿ. ಆಲಂಕಾರು: ಕುಡಿದ ಮತ್ತಿನಲ್ಲಿ ಮರದಿಂದ ಬಿದ್ದು ಕಾರ್ಮಿಕ ಮೃತ್ಯು. ಆಸ್ಪತ್ರೆ ಮೂಲಗಳು ತಿಳಿಸಿವೆ ಎಂದು ಕೆಳಗೆ. ಅದರ ಕೆಳಗೆ ಅವರು ನೆಲದಲ್ಲಿ ಮಲಗಿದ ಫೋಟೊ. ಮುಖ ಮಸುಕು ಮಾಡಿದ್ದರು. ಮೂಲೆಯಲ್ಲಿ ಮಾಪು ಹಿಡಿದ ಒಂದು ಕೈ ಕಾಣುತ್ತಿತ್ತು. ಅದನ್ನು ಮಸುಕು ಮಾಡಿರಲಿಲ್ಲ. ಕುಡಿತ ಸಂಸಾರ ಹಾಳು ಮಾಡುತ್ತದೆ ಮಾರಾಯ್ರೆ ಎಂದು ಯಾರೋ ಬುದ್ಧಿ ಬರೆದಿದ್ದರು. ಅದನ್ನು ತುಂಬ ಜನ ಮೆಚ್ಚಿದ್ದರು.

ಭವಿತಾ ಫೋನು ಹಿಡಿದುಕೊಂಡು ಒಲೆಯ ಹತ್ತಿರ ಬಂದಳು. ಅವಳಿಗೆ ಹದಿನೇಳು.

"ಅಮ್ಮ, ಅಪ್ಪ ಕುಡಿದಿದ್ರಾ?"

"ಇಲ್ಲ ಮಗಾ."

"ಮತ್ತೆ ವಾಸನೆ ಎಲ್ಲಿಂದ ಬಂತು? ರಿಕ್ಷಾದವರೂ ಹೇಳ್ತಾರೆ."

ನಾನು ಬಂದವರಿಗೆ ಚಾ ಮಾಡಲು ನೀರು ಇಟ್ಟೆ. ಅವಳು ಸ್ವಲ್ಪ ಹೊತ್ತು ನಿಂತು ಹೋದಳು. ಆ ಪ್ರಶ್ನೆಗೆ ಎಂಟು ತಿಂಗಳು ನಾನು ಉತ್ತರ ಕೊಡಲಿಲ್ಲ. ಅವಳು ಇನ್ನೊಮ್ಮೆ ಕೇಳಲೂ ಇಲ್ಲ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹುಡುಗರು ಆ ಸುದ್ದಿಯನ್ನು ಜೋರಾಗಿ ಓದುತ್ತಾರೆಂದು ಅವಳ ಗೆಳತಿ ಹೇಳಿದಳು. ಭವಿತಾ ಅರ್ಧ ಗಂಟೆ ಮೊದಲಿನ ಬಸ್ಸಿಗೆ ಹೋಗತೊಡಗಿದಳು.

ನನಗೆ ಬೇಕಾಗಿದ್ದದ್ದು ಒಂದೇ. ಕುಡಿದದ್ದು ಎಂಬ ಆ ಮಾತು ಕಾಗದದಿಂದ ಹೋಗಬೇಕು. ಕಾಗದದಿಂದ ಹೋದರೆ ಸುದ್ದಿಯವರ ಬಾಯಿಯಿಂದಲೂ ಹೋಗುತ್ತದೆ, ಮಗಳ ತಲೆಯಿಂದಲೂ ಹೋಗುತ್ತದೆ, ನಾನು ಏನೂ ಹೇಳಬೇಕಾಗಿಲ್ಲ. ಹಾಗೆ ಲೆಕ್ಕ ಹಾಕಿದ್ದೆ.

ರೆಕಾರ್ಡ್ ಸೆಕ್ಷನ್ನಿನ ಊರ್ಮಿಳಾ ಮೇಡಂ ಹತ್ತಿರ ಹೋದೆ. ಅವರ ಮೇಜನ್ನು ದಿನಾ ಒರೆಸುವುದು ನಾನು. ರೋಗಿಯ ಮಾಹಿತಿ ಗೋಪ್ಯ, ಯಾರಿಗೂ ಕೊಡುವ ಹಾಗಿಲ್ಲ ಎಂದರು. ಸುದ್ದಿಯವರಿಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅದು ಸುದ್ದಿ, ಇದು ಮಾಹಿತಿ ಎಂದರು. ನಾನು ಹೆಂಡತಿ ಎಂದೆ. ಹೆಂಡತಿ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಅವರ ಮಗಳ ಮದುವೆಗೆ ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದು ಕರೆದು, ಹಿಂದಿನ ಬಾಗಿಲಲ್ಲಿ ಊಟ ಕಟ್ಟಿಸಿ ಕೊಟ್ಟವರು. ನಾನು ತಾಲೂಕು ಆಫೀಸಿಗೆ ಹೋಗಿ ವಾರಸುದಾರರ ಸರ್ಟಿಫಿಕೇಟು ಮಾಡಿಸಿದೆ. ನಾಲ್ಕು ರಜೆ ಹೋಯಿತು. ಅದನ್ನು ನೋಡಿ ಮೇಡಂ, ಇದು ಸರಿ ಇದೆ, ಆದರೂ ಕೊಡಲು ಬರುವುದಿಲ್ಲ ಎಂದರು.

ಆಸ್ಪತ್ರೆಯ ಎದುರು ಸಫೂರಾ ಎಂಬವಳ ಜೆರಾಕ್ಸ್ ಅಂಗಡಿ ಇದೆ. ಅವಳು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟಳು. ಬಿಪಿಎಲ್ ಕಾರ್ಡಿನವರಿಗೆ ಫೀಸು ಇಲ್ಲ ಎಂದೂ ಹೇಳಿದಳು. ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಸದರಿ ಕಡತವು ಗೆದ್ದಲು ಹಿಡಿದು ಸಂಪೂರ್ಣ ನಾಶವಾಗಿರುವುದರಿಂದ ಮಾಹಿತಿ ಲಭ್ಯವಿರುವುದಿಲ್ಲ.

ಅವತ್ತು ಬೆಳಿಗ್ಗೆ ಅದರ ಧೂಳು ಹೊಡೆದಿದ್ದೆ.

ಕಾಗದವನ್ನು ಎರಡು ಸಲ ಓದಿದೆ. ಕುಡುಕ ಎಂದಾಗ ದುಃಖವಾಗಿತ್ತು. ಗೆದ್ದಲು ಎಂದಾಗ ಸಿಟ್ಟು ಬಂತು. ಒಂಬತ್ತು ವರ್ಷದಿಂದ ಮೂಗಿಗೆ ಸೆರಗು ಕಟ್ಟಿ ಮದ್ದು ಹೊಡೆದಿದ್ದೇನೆ. ಆ ವಿಷ ನುಂಗಿ ನನಗೆ ಕೆಮ್ಮು ಬಂದಿದೆ. ಗೆದ್ದಲು ಬಂದಿಲ್ಲ. ನನ್ನ ಕೆಲಸವನ್ನು ಇವರು ಸರಕಾರದ ಸೀಲು ಒತ್ತಿ ಹಾಳು ಮಾಡಿದರು.

ಸಫೂರಾ ಮೇಲ್ಮನವಿ ಬರೆದಳು. ಜನವರಿಯ ಒಂದು ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ ಎಂದು ನೋಟೀಸು ಬಂತು. ಇಂಗ್ಲಿಷ್ ಓದಲು ಭವಿತಾಳನ್ನು ಕರೆದುಕೊಂಡು ಹೋದೆ.

ವಿಚಾರಣೆ ಮಾಡುವವರು ಆಸ್ಪತ್ರೆಯ ದೊಡ್ಡ ಡಾಕ್ಟರು ರಾಮಪ್ರಸಾದರು. ಮೆತ್ತಗೆ ಮಾತಾಡುವವರು. ಕೂತುಕೊಳ್ಳಿ ಸೀತು ಅವರೇ ಎಂದರು. ನನ್ನನ್ನು ಆ ಕಟ್ಟಡದಲ್ಲಿ ಯಾರಾದರೂ ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಬೆಳಿಗ್ಗೆ ನಾನೇ ಒರೆಸಿದ ಕುರ್ಚಿಯಲ್ಲಿ ಕೂತೆ. ಅಟೆಂಡರ್ ಮಹಾಬಲಣ್ಣ ಚಾ ತಂದಿಟ್ಟ. ನನ್ನೆದುರು ಲೋಟ ಇಡುವಾಗ ಇಡಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಇಟ್ಟ. ಮಹಾಬಲಣ್ಣ ನಮ್ಮವನಲ್ಲ. ಕೆಟ್ಟವನೂ ಅಲ್ಲ.

ಊರ್ಮಿಳಾ ಮೇಡಂ ಗೆದ್ದಲಿನ ವಿಷಯ ಹೇಳಿದರು. ಮಳೆಗಾಲ, ಹಳೆ ಕಟ್ಟಡ, ಎಷ್ಟು ಜಾಗ್ರತೆ ಮಾಡಿದರೂ ಆಗುವುದಿಲ್ಲ ಎಂದರು. ದೊಡ್ಡ ಡಾಕ್ಟರು ತಲೆ ಆಡಿಸಿ, ನೀವೇನು ಹೇಳುತ್ತೀರಿ ಎಂದು ನನ್ನನ್ನು ಕೇಳಿದರು.

"ಸರ್, ರೆಕಾರ್ಡ್ ರೂಮಿನಲ್ಲಿ ಗೆದ್ದಲು ಇಲ್ಲ."

"ಅದು ನಿಮಗೆ ಹೇಗೆ ಗೊತ್ತು?"

"ಗುಡಿಸುದು ನಾನು."

ಅವರು ಮೇಡಂ ಮುಖ ನೋಡಿದರು. ಗುಡಿಸುವವಳೇ ಅರ್ಜಿದಾರಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅರ್ಜಿಯಲ್ಲಿ ಉದ್ಯೋಗ ಬರೆಯಲು ಜಾಗ ಇರಲಿಲ್ಲ.

ಎಲ್ಲರೂ ಮಹಡಿ ಹತ್ತಿದೆವು. ಹೋದವಳೇ ಮೂರನೇ ಕಪಾಟಿನ ಕೆಳಗಿನ ಸಾಲಿನಿಂದ ಕಡತ ತೆಗೆದು ಮೇಜಿನ ಮೇಲಿಟ್ಟೆ. ಒಂದು ಮೂಲೆಯೂ ಮಡಚಿರಲಿಲ್ಲ. ಬೇರೆ ಕಡತದ ಜೊತೆ ಸೇರಿ ಹೋಗಿತ್ತೋ ಏನೋ ಎಂದು ಮೇಡಂ ಹೇಳಿದರು. ದೊಡ್ಡ ಡಾಕ್ಟರು ಕಡತವನ್ನು ಭವಿತಾಳ ಕಡೆಗೆ ತಳ್ಳಿದರು. ಆ ಕೈಬರಹವನ್ನು ಹುಡುಗಿ ಓದಲಾರಳು ಎಂದುಕೊಂಡಿರಬೇಕು.

ಭವಿತಾ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಮದ್ಯದ ವಾಸನೆ ಇದೆ. ಅಮಲು ಇಳಿಯುವವರೆಗೆ ಕಾದು ನೋಡುವುದು. ಅಷ್ಟು ಓದುವಾಗ ಅವಳ ಕಿವಿ ಕೆಂಪಾಯಿತು. ಎರಡು ಗಂಟೆಗೆ ಹೇಗಿದ್ದರು, ಮೂರಕ್ಕೆ ಹೇಗಿದ್ದರು, ನಾಲ್ಕಕ್ಕೆ ಹೇಗಿದ್ದರು ಎಂದು ಸಾಲಾಗಿ ಬರೆದಿತ್ತು. ಎಲ್ಲ ಒಂದೇ ಪೆನ್ನು, ಒಂದೇ ಓಟ. ಆ ಹೊತ್ತಿನಲ್ಲಿ ಯಾರೂ ಬಂದು ನೋಡಿರಲಿಲ್ಲ.

ಕೊನೆಯ ಹಾಳೆ ಕನ್ನಡದ ಅಚ್ಚಿನ ಫಾರ್ಮು. ಅದನ್ನು ನಾನೇ ಓದಿದೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿಗೆ ಕರೆದುಕೊಂಡು ಹೋಗಲು ತಿಳಿಸಿದರೂ ನಾವು ಸ್ವಂತ ಇಚ್ಛೆಯಿಂದ ಒಪ್ಪಿರುವುದಿಲ್ಲ. ಮುಂದೆ ಆಗುವ ಅನಾಹುತಕ್ಕೆ ನಾವೇ ಹೊಣೆ. ಹೆಸರು ಸೀತು. ಸಂಬಂಧ ಹೆಂಡತಿ. ಕೆಳಗೆ ಒಂದು ಹೆಬ್ಬೆಟ್ಟು.

ನನಗೆ ಮೊದಲು ನಗು ಬಂದಂತಾಯಿತು. ಇದೇ ಕಟ್ಟಡದಲ್ಲಿ, ಕೆಳಗಿನ ಮಹಡಿಯಲ್ಲಿ, ಒಂಬತ್ತು ವರ್ಷದ ನನ್ನ ಸಹಿ ಇದೆ. ಸಂಬಳ ಕೊಡುವಾಗ ಸಹಿ ನೋಡುತ್ತಾರೆ. ಕಾಲೊನಿಯ ಹೆಂಡತಿಗೆ ಸಹಿ ಬರುತ್ತದೆ ಎಂದು ಅವತ್ತು ಯಾರಿಗೂ ಹೊಳೆದಿಲ್ಲ.

ಆಮೇಲೆ ಆ ಹೆಬ್ಬೆಟ್ಟನ್ನೇ ನೋಡಿದೆ. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಈ ಗೆರೆ ನನಗೆ ಗುರ್ತ. ಧೂಳು ಹೊಡೆಯುವಾಗ ಹಾಳೆಗಳು ಜಾರುತ್ತವೆ, ಹೆಬ್ಬೆಟ್ಟು ಕಾಣುತ್ತದೆ. ಎಷ್ಟೋ ಫಾರ್ಮುಗಳಲ್ಲಿ ಇದೇ ಹೆಬ್ಬೆಟ್ಟು ನೋಡಿದ್ದೆ. ಕೂಲಿ ಮಾಡುವವರ ಬೆರಳು ಎಲ್ಲ ಒಂದೇ ಥರ ಸವೆಯುತ್ತದೆ, ಹಾಗಾಗಿ ಎಲ್ಲರದ್ದೂ ಒಂದೇ ಥರ ಕಾಣುತ್ತದೆ ಎಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದುಕೊಂಡು ಒರೆಸಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಈಗ ಅದೇ ಹೆಬ್ಬೆಟ್ಟಿನ ಮೇಲೆ ನನ್ನ ಹೆಸರಿತ್ತು. ನನ್ನ ಹೆಬ್ಬೆಟ್ಟಿನಲ್ಲಿ ಗೆರೆ ಇಲ್ಲ.

ತಲೆ ಎತ್ತಿದೆ. ಬಾಗಿಲ ಹತ್ತಿರ ಮಹಾಬಲಣ್ಣ ಖಾಲಿ ಟ್ರೇ ಹಿಡಿದುಕೊಂಡು ನಿಂತಿದ್ದ. ಟ್ರೇಯ ಅಂಚಿನ ಮೇಲೆ ಅವನ ಎಡಗೈಯ ಹೆಬ್ಬೆರಳು ಇತ್ತು. ಕಾಯಿ ಸುಲಿಯುವಾಗ ಕತ್ತಿ ತಾಗಿದ ಹಳೆ ಗಾಯ ಇತ್ತು.

"ಮಹಾಬಲಣ್ಣ, ಇದು ನಿಮ್ಮದು."

ಅವನು ಟ್ರೇ ಕೆಳಗಿಟ್ಟ. ಇಲ್ಲ ಎನ್ನಲಿಲ್ಲ. ಫಾರ್ಮು ಖಾಲಿ ಇದ್ದರೆ ಕಡತ ಮುಚ್ಚಲಿಕ್ಕಾಗುವುದಿಲ್ಲ, ಇನ್ಸ್‌ಪೆಕ್ಷನ್ನಿಗೆ ಬಂದವರು ಕೇಳುತ್ತಾರೆ, ಕಾಲೊನಿಯವರನ್ನು ಪುನಃ ಕರೆಸುವುದು ಕಷ್ಟ ಎಂದು ಹೇಳಿದ. ಅವನು ಮೊದಲು ಒತ್ತಿದ್ದು ಹನ್ನೊಂದು ವರ್ಷದ ಹಿಂದಂತೆ. ಯಾರಿಗೂ ತೊಂದರೆಯಾಗಲಿಲ್ಲ, ಆಮೇಲೆ ಅಭ್ಯಾಸ ಆಯಿತಂತೆ. ಉಪಕಾರ ಮಾಡಿದವನ ಹಾಗೆಯೇ ಹೇಳಿದ. ಎಲ್ಲರದ್ದೂ ಒತ್ತುತ್ತಿದ್ದೆಯಾ ಎಂದು ದೊಡ್ಡ ಡಾಕ್ಟರು ಕೇಳಿದರು. ಇಲ್ಲ ಸರ್, ಕಾಲೊನಿಯವರದ್ದು ಮಾತ್ರ, ಬೇರೆಯವರು ಸಹಿ ಹಾಕುತ್ತಾರಲ್ಲ ಎಂದ.

ನಾನು ಕಾಯಲಿಲ್ಲ. ಅದೇ ಸಾಲಿನಿಂದ ಇನ್ನೊಂದು ಕಡತ ಎಳೆದೆ. ಬಿಳಿ ಗೆರೆ. ಇನ್ನೊಂದು. ಬಿಳಿ ಗೆರೆ. ರೋಗಿಯ ಮಾಹಿತಿ ಗೋಪ್ಯ, ಮುಟ್ಟಬೇಡ ಎಂದು ಮೇಡಂ ಕೈ ಹಿಡಿಯಲು ಬಂದರು. ಅಷ್ಟರಲ್ಲಿ ಮೂರನೆಯದ್ದು ತೆರೆದಾಗಿತ್ತು. ಅದೂ ಕನ್ನಡದ ಫಾರ್ಮು. ಇನ್ನು ಮಕ್ಕಳಾಗದ ಹಾಗೆ ಶಸ್ತ್ರಚಿಕಿತ್ಸೆ ಮಾಡಲು ನನ್ನ ಪೂರ್ಣ ಒಪ್ಪಿಗೆ ಇದೆ. ಹೆಸರು ಸುಂದರಿ. ನಮ್ಮ ಕಾಲೊನಿಯ ಮೂರನೇ ಮನೆ. ಹೊಟ್ಟೆ ಕೊಯ್ದು ಎರಡನೇ ಹೆರಿಗೆಯಾಗಿ ಆರು ವರ್ಷವಾಯಿತು. ಗಂಡು ಮಗು ಬೇಕೆಂದು ಅವಳು ಸೋಮವಾರ ಉಪವಾಸ ಮಾಡುತ್ತಾಳೆ. ಆಗದ್ದಕ್ಕೆ ಅತ್ತೆಯ ಕೈಯಲ್ಲಿ ಬೈಸಿಕೊಳ್ಳುತ್ತಾಳೆ. ಒಪ್ಪಿಗೆಯ ಕೆಳಗೆ ಮಹಾಬಲಣ್ಣನ ಹೆಬ್ಬೆಟ್ಟು ಇತ್ತು.

ಭವಿತಾ ಅದನ್ನು ನನ್ನ ಹೆಗಲ ಮೇಲಿಂದ ಓದಿದಳು. ಮೇಡಂ ಕಡತ ಕಿತ್ತುಕೊಂಡರು.

ದೊಡ್ಡ ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ ನಮ್ಮಿಬ್ಬರನ್ನು ಕೆಳಗೆ ತಮ್ಮ ಕೋಣೆಗೆ ಕರೆದರು. ಬಾಗಿಲು ಮುಚ್ಚಿದರು. ಮೊದಲಿಗಿಂತ ಮೆತ್ತಗೆ ಮಾತಾಡಿದರು. ಮಹಾಬಲನಿಗೆ ರಿಟೈರ್ ಆಗಲು ಎರಡು ವರ್ಷ ಇದೆ ಎಂದರು. ಚಿಕ್ಕ ಡಾಕ್ಟರು ಪಿಜಿ ಓದಲು ಹೋಗಿದ್ದಾರೆ, ಒಳ್ಳೆಯ ಹುಡುಗ ಎಂದರು. ಆಸ್ಪತ್ರೆಯ ಹೆಸರು ಕೆಟ್ಟರೆ ಬಡವರು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ನಮ್ಮ ಮೇಲೆ ಅವರಿಗೆ ನಿಜವಾಗಿ ಕನಿಕರ ಇತ್ತು. ಆಮೇಲೆ ಆ ಮಂಗಳೂರಿನ ಫಾರ್ಮಿನ ಖಾಲಿ ಪ್ರತಿ ಒಂದನ್ನು ನನ್ನೆದುರು ಇಟ್ಟು ಪೆನ್ನಿನ ಮುಚ್ಚಳ ತೆಗೆದರು.

"ನೋಡಿ ಸೀತು ಅವರೇ. ನಿಮಗೆ ಬೇಕಾದ್ದು ಆ ಕುಡಿದದ್ದು ಅಂತ ಉಂಟಲ್ಲ, ಅದು ಹೋಗುದು. ಅದನ್ನು ನಾನು ತೆಗೆಸ್ತೇನೆ. ಸುದ್ದಿಯವರಿಗೂ ಹೇಳ್ತೇನೆ. ನೀವು ಇದಕ್ಕೆ ಒಂದು ಸಹಿ ಹಾಕಿ. ಆ ಹೆಬ್ಬೆಟ್ಟಿನ ಹಾಳೆ ಇರುದಿಲ್ಲ. ಅಲ್ಲಿಗೆ ಮುಗೀತು."

ಎಂಟು ತಿಂಗಳು ನಾನು ಕೇಳಿದ್ದು ಅದನ್ನೇ. ಮೇಜಿನ ಮೇಲೆ ಬಂದು ಕೂತಿತ್ತು. ಒಂದು ಸಹಿ ಹಾಕಿದರೆ ಗಂಡ ಕುಡುಕನಲ್ಲ. ಸುದ್ದಿ ಅಳಿಸುತ್ತದೆ. ಭವಿತಾ ಸರಿಯಾದ ಹೊತ್ತಿನ ಬಸ್ಸಿಗೆ ಹೋಗಬಹುದು. ಬಾಟ್ಲಿಯ ವಿಷಯ ನನ್ನ ಹೊಟ್ಟೆಯಲ್ಲೇ ಸುಟ್ಟುಹೋಗುತ್ತದೆ.

ಫಾರ್ಮು ಇನ್ನೊಮ್ಮೆ ಓದಿದೆ. ಮುಂದೆ ಆಗುವ ಅನಾಹುತಕ್ಕೆ ನಾವೇ ಹೊಣೆ. ಒಂದರಿಂದ ಆರರವರೆಗಿನ ಐದು ಗಂಟೆ ನನ್ನ ಕೈಯಿಂದಲೇ ನನ್ನದಾಗುತ್ತದೆ. ಅವರನ್ನು ನೆಲದಲ್ಲಿ ಬಿಟ್ಟದ್ದು ನಾನೇ ಎಂದಾಗುತ್ತದೆ. ನನ್ನದೊಂದು ಸರಿಯಾದರೆ ಮೇಲಿನ ಕೋಣೆಯ ಹೆಬ್ಬೆಟ್ಟುಗಳನ್ನು ಇನ್ನು ಯಾರು ಕೇಳುತ್ತಾರೆ?

"ಆಗುದಿಲ್ಲ ಸರ್."

"ಎಂತಕ್ಕೆ?"

"ಮಂಗಳೂರು ಅಂತ ಅವತ್ತು ಯಾರೂ ಹೇಳ್ಲಿಲ್ಲ. ನೆಲ ಒರೆಸು ಅಂತ ಹೇಳಿದ್ರು. ಒರೆಸಿದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ವಾಸನೆ ಇತ್ತು ಅಂತ ಬರೆದದ್ದು ಇದ್ದ ಹಾಗೇ ಇರ್ತದೆ. ಅದನ್ನು ಮುಟ್ಲಿಕ್ಕೆ ನನ್ನಿಂದ ಆಗುದಿಲ್ಲ. ಆಲೋಚನೆ ಮಾಡಿ. ಮಗಳು ಉಂಟು ನಿಮಗೆ."

ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಇರ್ಲಿ ಸರ್. ವಾಸನೆ ಇದ್ದದ್ದು ಹೌದು. ಬ್ರಾಂಡಿ ತಿಕ್ಕಿದ್ದು ನಾನು. ಕೈಕಾಲು ತಣ್ಣಗಾಗಿತ್ತು, ಅದಕ್ಕೆ ತಿಕ್ಕಿದೆ. ಅವತ್ತು ಹೇಳ್ಲಿಲ್ಲ, ಅದು ನನ್ನ ತಪ್ಪು. ಅದನ್ನೂ ಬರೀರಿ. ಆದರೆ ವಾಸನೆ ಮೈಯಲ್ಲಿದ್ದದ್ದು, ಬಾಯಲ್ಲಿ ಇರ್ಲಿಲ್ಲ. ಯಾರಾದ್ರೂ ಬಗ್ಗಿ ಬಾಯಿ ಮೂಸಿದ್ರೆ ಗೊತ್ತಾಗ್ತಿತ್ತು. ಐದು ಗಂಟೆಯಲ್ಲಿ ಒಬ್ಬರೂ ಅಷ್ಟು ಹತ್ತಿರ ಬರ್ಲಿಲ್ಲ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅದನ್ನೆಲ್ಲ ಬರೆಯಲು ಫಾರ್ಮಿನಲ್ಲಿ ಜಾಗ ಇಲ್ಲ ಎಂದರು. ಆದೇಶವನ್ನು ಅಂಚೆಯಲ್ಲಿ ಕಳಿಸುತ್ತೇನೆ, ಹೋಗಿ ಎಂದರು. ಬಾಗಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು. ಅದರಲ್ಲಿ ಅವರೇ ಎಂಬುದು ಇರಲಿಲ್ಲ. ಸೀತು, ಸೋಮವಾರದಿಂದ ನೀನು ರೆಕಾರ್ಡ್ ರೂಮಿಗೆ ಹೋಗುವುದು ಬೇಡ, ಹೆಣದ ಕೋಣೆ ನೋಡಿಕೋ ಎಂದರು.

ಬಸ್ಸಿನಲ್ಲಿ ಭವಿತಾ ಕಿಟಕಿಯ ಬದಿ ಕೂತಳು. ದೊಡ್ಡ ಡಾಕ್ಟರ ಎದುರು ಆಗದ ಹೆದರಿಕೆ ಮಗಳ ಪಕ್ಕದಲ್ಲಿ ಆಯಿತು. ಕಂಡಕ್ಟರು ಟಿಕೆಟ್ ಕೊಟ್ಟು ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ಎಂಟು ತಿಂಗಳು ಹೇಳ್ಲಿಲ್ಲ ನೀನು."

"ಹೇಳ್ಲಿಲ್ಲ."

"ನಾನು ಕೇಳಿದ್ದೆ."

"ಕೇಳಿದ್ದಿ ಮಗಾ."

ಸಿಟ್ಟು ಮಾಡಲು ಅವಳಿಗೆ ಹಕ್ಕಿತ್ತು. ಅಪ್ಪನ ಹಾಗೆ ಎರಡು ದಿನ ಮಾತು ಬಿಟ್ಟರೂ ನಾನು ತಡೆದುಕೊಳ್ಳಬೇಕು ಎಂದುಕೊಂಡೆ.

"ಕಾಲು ಅಷ್ಟು ತಣ್ಣಗಿತ್ತಾ?" ಎಂದು ಕೇಳಿದಳು.

"ಕಲ್ಲಿನ ಹಾಗೆ."

"ನಾನಿದ್ರೂ ತಿಕ್ತಿದ್ದೆ," ಎಂದಳು.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಗಂಡ ಸತ್ತ ದಿನ ಅತ್ತಿರಲಿಲ್ಲ. ಬಸ್ಸಿನವರು ನೋಡಿದರು. ನೋಡಲಿ ಎಂದು ಬಿಟ್ಟೆ.

ಇಳಿಯುವಾಗ ಅವಳು ನನ್ನ ಚೀಲ ತೆಗೆದುಕೊಂಡಳು. ಕಾಲೊನಿಯ ದಾರಿಯಲ್ಲಿ ನಮ್ಮ ಮನೆಗಿಂತ ಮೊದಲು ಸುಂದರಿಯ ಮನೆ ಸಿಗುತ್ತದೆ. ಅವಳು ಜಗಲಿಯಲ್ಲಿ ಕಾಲು ಚಾಚಿ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು. ನಮ್ಮನ್ನು ನೋಡಿ, ವಿಚಾರಣೆ ಏನಾಯಿತು ಎಂದು ಕೇಳಿದಳು. ನಾನು ಮನೆಗೆ ಹೋಗಿ ಮುಖ ತೊಳೆದು ಬರಬಹುದಿತ್ತು. ನಾಳೆ ಹೇಳಬಹುದಿತ್ತು. ನಾಳೆ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಜಗಲಿಯಲ್ಲಿ ಅವಳ ಪಕ್ಕ ಕೂತೆ. ಭವಿತಾ ಕಂಬಕ್ಕೆ ಒರಗಿ ನಿಂತಳು.

"ಸುಂದರೀ, ಎರಡನೇ ಹೆರಿಗೆಗೆ ಹೋದಾಗ ಆಸ್ಪತ್ರೆಯಲ್ಲಿ ಯಾವುದಾದ್ರೂ ಕಾಗದಕ್ಕೆ ನೀನು ಹೆಬ್ಬೆಟ್ಟು ಒತ್ತಿದ್ದುಂಟಾ?"

ಅವಳು ನೂಲು ಸುತ್ತುತ್ತಲೇ ನಕ್ಕಳು. ಇಲ್ಲ ಮಾರಾಯ್ತಿ, ಯಾರೂ ಕೇಳಲಿಲ್ಲ, ಎಷ್ಟು ಒಳ್ಳೆಯ ಜನ ಅಲ್ಲಿ, ಒಂದು ಕಾಗದದ ಕಿರಿಕಿರಿ ಕೂಡ ಇರಲಿಲ್ಲ ಎಂದಳು.

"ಆ ಮೊರ ಕೆಳಗಿಡು," ಎಂದೆ.